ಫೋನಿನಾಗ ಬರೇ ‘ಆರಾಮ ಅದೀನಿ’ ಅಂತಾನ: ಫೌಜಿನಾಗಿರೋ ಹುಡುಗನ ಮನಸ್ಸು ಕುಗ್ಗಿದ್ದು ಹೆಂಗ ತಿಳೀಬೇಕು?

ಪಿಂಪ್ರಿ_ಬಡಿಗೇರ
ಎಲ್ಲಾರಿಗೂ ನಮಸ್ಕಾರ. ನಮ್ಮ ಬಾಜೂ ಮನಿಯವರ ಅಕ್ಕನ ಮಗ, ಅಥಣಿ ಕಡೆ ಹುಡುಗ, ವಯಸ್ಸು 20. ಅಗ್ನಿವೀರ, ಎರಡನೇ ವರ್ಷ. ಯುನಿಟ್ ಪುಣೆದಾಗ ಐತಿ. ಮೊದಲು ಔಟ್‌ಪಾಸ್ ಸಿಕ್ಕರ ಸಾಕು ಓಡಿ ಬರಾಂವ, ಬಿಸಿ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಕೇಳಿ ಮಾಡಿಸ್ಕೊಂಡು ಉಣ್ಣಾಂವ. ಈಗ ಎರಡು ತಿಂಗಳಾತು, ಔಟ್‌ಪಾಸ್ ಇದ್ರೂ ಬರಂಗಿಲ್ಲ. ಫೋನ್ ಹಚ್ಚಿದ್ರ ಮೂರ ಮಾತು: ಆರಾಮ ಅದೀನಿ, ಊಟಾ ಆತು, ಇಡ್ಲಾ. ಹೋದ ಐತವಾರ ಒತ್ತಾಯ ಮಾಡಿ ಕರದಾಗ ಬಂದ. ಬೂಟಿನ ಲೇಸ್ ಅರ್ಧಾ ಬಿಚ್ಚಿ, ಅದನ್ನ ಹಂಗ ಕೈಯಾಗ ಹಿಡಕೊಂಡು ಅರ್ಧಾ ತಾಸು ಕಟ್ಟಿ ಮ್ಯಾಲೆ ಕುಂತಿದ್ದ. ರೊಟ್ಟಿ ಒಂದ ತಿಂದ.

ಊರಾಗ ಅವರವ್ವ ದೃಷ್ಟಿ ತೆಗಸೂಣು ಅಂತಾಳ. ಇಲ್ಲಿ ಸೋದರಮಾವ ‘ಫೌಜಿನಾಗ ರಗಡಾ ಇರೂದ, ದಣದಾನ, ಬಿಡ್ರಿ’ ಅಂತಾನ. ನನಗ ಯಾಕೋ ಸಮಾಧಾನ ಇಲ್ಲ. ತಿಳದವ್ರು ಹೇಳ್ರಿ. ಇದು ದಣಿವೋ, ಮನಸ್ಸಿನ ಜಡ್ಡೋ ಹೆಂಗ ಗುರುತಿಸೂದು? ಜಡ್ಡ ಆದ್ರ ಯಾರಿಗೆ ಹೇಳೂದು? ಹೇಳಿದ್ರ ನೌಕರಿ ಹೊಕ್ಕೈತೇನು?

ಡೊಂಬಿವಲಿ_ಶೆಟ್ರು
ಇದು ಲವ್ ಕೇಸೇ. ಇಪ್ಪತ್ತು ವರ್ಷದ ಹುಡುಗ ಮಾತು ನಿಲ್ಲಿಸಿದ್ರೆ ಬೇರೆಂಥ ಇರ್ತದೆ ಮಾರಾಯ್ರೆ.

ಠಾಣೆ_ಆಪ್ತಸಲಹೆ
ಶೆಟ್ರೆ, ಇರಬಹುದು, ಇಲ್ಲದೆಯೂ ಇರಬಹುದು. ಕಾರಣ ಹುಡುಕೋದು ಮೊದಲ ಕೆಲಸ ಅಲ್ಲ.

ಬಡಿಗೇರರೇ, ‘ಹೇಗಿದ್ದೀಯಪ್ಪ’ ಅಂತ ಕೇಳೋದನ್ನ ಬಿಟ್ಟುಬಿಡಿ. ಅದಕ್ಕೆ ಅವನ ಹತ್ರ ಉತ್ತರ ರೆಡಿ ಇದೆ. ನಿದ್ದೆ ಬಗ್ಗೆ ಕೇಳಿ. ಎಷ್ಟೊತ್ತಿಗೆ ಮಲಗಿದೆ, ನಡುವೆ ಎಷ್ಟು ಸಲ ಎಚ್ಚರ ಆಯ್ತು, ಬೆಳಿಗ್ಗೆ ಸೀಟಿ ಊದೋ ಮೊದಲೇ ಎದ್ದು ಕತ್ತಲಲ್ಲಿ ಸುಮ್ಮನೆ ಮಲಗಿರ್ತೀಯಾ. ದಣಿದ ಹುಡುಗ ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಹೋಗ್ತಾನೆ, ಭಾನುವಾರ ಒಂದು ದಿನ ಚೆನ್ನಾಗಿ ಮಲಗಿ ಉಂಡರೆ ಸೋಮವಾರ ಮುಖ ಬೇರೆ ಇರುತ್ತೆ. ಖಿನ್ನತೆ ಇರೋನು ದಣಿದಿದ್ರೂ ಮೂರು ಗಂಟೆಗೆ ಎದ್ದು ಕೂತಿರ್ತಾನೆ, ರಜೆ ಸಿಕ್ಕರೂ ಹಗುರ ಆಗಲ್ಲ. ಇನ್ನೊಂದು, ಮೊದಲು ಇಷ್ಟಪಡ್ತಿದ್ದದ್ದು ಬೇಡ ಆಗೋದು. ನಿಮ್ಮ ಹುಡುಗನಿಗೆ ರೊಟ್ಟಿ, ಇನ್ನೊಬ್ಬನಿಗೆ ವಾಲಿಬಾಲ್. ಮನಸ್ಸು ಕುಗ್ಗಿರೋದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರೋದು, ಎರಡರಲ್ಲಿ ಒಂದಾದರೂ ಬಹುತೇಕ ಇಡೀ ದಿನ, ಎರಡು ವಾರ ಬಿಡದೆ ಇದ್ದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ರೆ ಡಾಕ್ಟರಿಗೆ ತೋರಿಸೋ ಸಮಯ. ನೀವು ಎರಡು ತಿಂಗಳು ಅಂತಿದ್ದೀರಿ.

ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಇದೆ. ಹಿಂದಿನ ಎರಡು ವಾರದ ಬಗ್ಗೆ ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27. 10 ಮುಟ್ಟಿದ್ರೆ ಗಮನ ಕೊಡಬೇಕು, 20 ಮುಟ್ಟಿದ್ರೆ ತೀವ್ರ. ಅದರಿಂದ ರೋಗ ತೀರ್ಮಾನ ಆಗಲ್ಲ, ಆದರೆ ಬಾಯಿ ಬಿಡದ ಹುಡುಗರು ಅಂಕಿ ಹಾಕೋಕೆ ಒಪ್ಕೊಳ್ತಾರೆ.

ಕೊನೆಯದು, ಮುಖ್ಯವಾದ್ದು. ‘ಸಾಯಬೇಕು ಅನ್ನಿಸ್ತದಾ’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುತ್ತೆ ಅನ್ನೋದು ಸುಳ್ಳು. ಹೌದು ಅಂದರೆ ಅವನನ್ನ ಒಬ್ಬನೇ ಬಿಡಬೇಡಿ, ನಾಳೆಗೆ ಮುಂದೂಡಬೇಡಿ.

ಮಾಟುಂಗಾ_ಮಾಣಿ
ಗಂಡುಹುಡುಗರಲ್ಲಿ ಅಳು ಕಾಣೋದಿಲ್ಲ, ಸಿಟ್ಟು ಕಾಣ್ತದೆ. ಅದನ್ನೂ ಸೇರಿಸಿ ಅಕ್ಕಾ.

ಠಾಣೆ_ಆಪ್ತಸಲಹೆ
ಸರಿ ಹೇಳಿದ್ರಿ. ಸಣ್ಣದಕ್ಕೆ ಜಗಳ, ಕುಡಿತ ಜಾಸ್ತಿ, ಗಾಡಿ ಜೋರಾಗಿ ಓಡಿಸೋದು. ಇದನ್ನ ‘ಶಿಸ್ತಿಲ್ಲ’ ಅಂತ ಬರೆದುಬಿಡ್ತಾರೆ, ಅಲ್ಲಿಗೆ ದಾರಿ ತಪ್ಪುತ್ತೆ.

ಎಂಐರೂಮ್_ಕಾಕಾ
ಅಕ್ಕಾರು ನಿದ್ದಿ ಅಂದ್ರಲ್ಲ, ಅದಕ್ಕ ಒಂದು ಲೆಕ್ಕಾ ಕೂಡಸ್ತೀನಿ. ಗಾರ್ಡ್ ಡ್ಯೂಟಿ ಅಂದ್ರ ಎರಡು ತಾಸು ನಿಲ್ಲೂದು, ನಾಲ್ಕು ತಾಸು ಬಿಡುವು, ಮತ್ತ ಎರಡು ತಾಸು. ಆ ನಾಲ್ಕು ತಾಸಿನಾಗ ಬೂಟು ಬಿಚ್ಚೂದು, ಕಟ್ಟೂದು ಕಳದು ನಿದ್ದಿ ಎರಡೂವರಿ ತಾಸು ಆದ್ರ ಭಾಳ ಆತು. ವಾರದಾಗ ಎಷ್ಟು ರಾತ್ರಿ ಗಾರ್ಡ್ ಬೀಳತೈತಿ ಕೇಳ್ರಿ. ಗಾರ್ಡ್ ಇಲ್ಲದ ರಾತ್ರಿನೂ ಮೂರಕ್ಕ ಎಚ್ಚರ ಆದ್ರ ಅದು ಡ್ಯೂಟಿದ ತಪ್ಪಲ್ಲ.

ಈಗ ಯಾರಿಗೆ ಹೇಳೂದು ಅನ್ನೂದಕ್ಕ. ದಾರಿ ಒಂದ: ಸಿಕ್ ರಿಪೋರ್ಟ್. ಮುಂಜಾನಿ ತನ್ನ ಸೆಕ್ಷನ್ ಕಮಾಂಡರಿಗೆ ಹೇಳಿ ಹೆಸರು ಬರಸೂದು, ರಿಜಿಸ್ಟರ್ ಜೋಡಿ ಎಂಐ ರೂಮಿಗೆ (ಯುನಿಟ್ಟಿನ ದವಾಖಾನಿ) ಹೋಗೂದು, ಆರ್‌ಎಂಒ ಸಾಹೇಬ್ರು (ಯುನಿಟ್ಟಿನ ಡಾಕ್ಟರು) ನೋಡೂದು. ಅವರಿಗೆ ಅನುಮಾನ ಬಂದ್ರ ಮಿಲಿಟರಿ ಆಸ್ಪತ್ರಿ ಮನೋವೈದ್ಯರ ಕಡೆ ಕಳಸ್ತಾರ. ಪುಣೆದಾಗಾದ್ರ ವಾನವಡಿ ಕಮಾಂಡ್ ಆಸ್ಪತ್ರಿ ಐತಿ, ಮುಂಬೈದಾಗ ಕೊಲಾಬಾದ ಅಶ್ವಿನಿ.

ಎಲ್ಲಿ ಕೆಡತೈತಿ ಅಂದ್ರ, ನಮ್ಮ ಹುಡುಗರು ಮನಸ್ಸಿನ ಮಾತು ಹೇಳಂಗಿಲ್ಲ, ತಲಿನೋವು ಅಂತಾರ. ಮುಂದಿನ ವಾರ ಹೊಟ್ಟಿ. ಆಮ್ಯಾಲೆ ಸೊಂಟ. ಪ್ರತಿ ಸಲ ಗುಳಿಗಿ ತಗೊಂಡು ವಾಪಸ್. ನಾಕನೇ ಸಲಕ್ಕ ‘ಕಾಮ್‌ಚೋರ್’ (ಕೆಲಸಗಳ್ಳ) ಅಂತ ಹೆಸರು ಬೀಳತೈತಿ, ಆಮ್ಯಾಲೆ ಖರೇ ಹೇಳಿದ್ರೂ ನಂಬೂದು ಕಷ್ಟ.

ಇದರಾಗ ಭಾಷಾದ್ದೂ ಒಂದು ಗೋಳು ಐತಿ. ನಮ್ಮ ಕಡೆ ಹುಡುಗ ‘ಬ್ಯಾಸರ ಆಗೈತಿ’ ಅಂತಾನ. ಅದರಾಗ ದುಃಖ, ಸಾಕಾಗಿದ್ದು, ಜೀವಾ ಬ್ಯಾಡ ಅನಸಿದ್ದು ಎಲ್ಲಾ ಐತಿ. ಅದನ್ನ ಹಿಂದಿಗೆ ತಿರುವಿ ‘ಸಾಬ್, ಬೋರ್ ಹೋ ರಹಾ ಹೈ’ ಅಂತಾನ. ಬೋರ್ ಆದಾಂವಗ ಉಸ್ತಾದ್ ಏನು ಕೊಡ್ತಾರ? ಗ್ರೌಂಡಿಗೆ ಮೂರು ಸುತ್ತು!

ಡೊಂಬಿವಲಿ_ಶೆಟ್ರು
ಅಯ್ಯೋ ದೇವರೇ. ನಮ್ಮ ‘ಬೇಜಾರು’ ಕೂಡ ಹಾಗೆಯೇ. ಮರಾಠಿಯಲ್ಲಿ ‘ಬೇಜಾರ್’ ಅಂದರೆ ಮೈ ಹುಷಾರಿಲ್ಲ ಅಂತಲೂ ಆಗ್ತದೆ.

ಮಾಟುಂಗಾ_ಮಾಣಿ
‘ಟೆನ್ಶನ್ ಹೈ ಸಾಬ್’ ಅಂದ್ರೂ ಅಷ್ಟೇ. ದೇಶದಲ್ಲಿ ಟೆನ್ಶನ್ ಇಲ್ಲದವನು ಯಾರು ಅಂತ ಕೇಳ್ತಾರೆ.

ಎಂಐರೂಮ್_ಕಾಕಾ
ಅದಕ್ಕ ಚೀಟಿ ಬರಕೊಂಡು ಹೋಗಬೇಕು. ಭಾವನಾ ಬ್ಯಾಡ, ಲೆಕ್ಕಾ ಬರೀರಿ: ‘ಸಾಬ್, ಪಾಂಚ್ ಹಫ್ತೇ ಸೇ ನೀಂದ್ ನಹೀ. ತೀನ್ ಬಜೇ ಆಂಖ್ ಖುಲ್ ಜಾತೀ ಹೈ. ಭೂಖ್ ನಹೀ. ಕಿಸೀ ಕಾಮ್ ಮೇಂ ಮನ್ ನಹೀ ಲಗತಾ. ಮನ್ ಉದಾಸ್ ರಹತಾ ಹೈ.’ ಐದು ಸಾಲು: ಐದು ವಾರದಿಂದ ನಿದ್ದಿ ಇಲ್ಲ, ಮೂರಕ್ಕ ಎಚ್ಚರ ಆಗತೈತಿ, ಹಸಿವಿಲ್ಲ, ಯಾವ ಕೆಲಸದಾಗೂ ಮನಸ್ಸಿಲ್ಲ, ಮನಸ್ಸು ಕುಗ್ಗೈತಿ. ‘ಉದಾಸ್’ ಅನ್ನೂ ಶಬ್ದ ಇರಬೇಕು. ಡಾಕ್ಟರು ಚೀಟಿ ನೋಡಿ ಮುಂದಿನ ಪ್ರಶ್ನಿ ತಾವ ಕೇಳ್ತಾರ.

ವಾಸ್ಕೋ_ಕುಲಕರ್ಣಿ
ಕಾಕಾ, ಬರೆದು ಕೊಟ್ಟರೆ ಅದು ದಾಖಲೆ ಆಗುತ್ತೆ. ಅಗ್ನಿವೀರರಲ್ಲಿ ನಾಲ್ಕು ವರ್ಷದ ನಂತರ ಉಳಿಸಿಕೊಳ್ಳೋದು ಶೇಕಡಾ 25ರವರೆಗೆ ಮಾತ್ರ. ಮನೋರೋಗಿ ಅಂತ ಠಸ್ಸೆ ಬಿದ್ದವನನ್ನು ಯಾಕೆ ಇಟ್ಕೊಳ್ತಾರೆ? ನನ್ನ ಸಲಹೆ ಸರಳ. ರಜೆಗೆ ಬಂದಾಗ ಖಾಸಗಿ ಡಾಕ್ಟರಿಗೆ ತೋರಿಸಿ, ನಗದು ಕೊಟ್ಟು ಮೂರು ತಿಂಗಳ ಮಾತ್ರೆ ತಗೊಂಡು ಕಳಿಸಿ. ಯಾರಿಗೂ ಗೊತ್ತಾಗಬೇಕಿಲ್ಲ.

ಪನ್ವೇಲ್_ಔಷಧಿ
ಕುಲಕರ್ಣಿಯವರೇ, ನಿಮ್ಮ ಕಾಳಜಿ ಅರ್ಥ ಆಗುತ್ತೆ, ಆದರೆ ಈ ‘ಮೂರು ತಿಂಗಳ ಮಾತ್ರೆ’ ಐಡಿಯಾ ತುಂಬಾ ಅಪಾಯ. ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಸಾಮಾನ್ಯವಾಗಿ ಮೊದಲು ಬರೆಯೋದು ಎಸಿಟಾಲೊಪ್ರಾಮ್ ಅಥವಾ ಸರ್ಟ್ರಲೀನ್. ಎಸಿಟಾಲೊಪ್ರಾಮ್ 5 ಅಥವಾ 10 ಮಿಲಿಗ್ರಾಂನಿಂದ ಶುರು, ಹೆಚ್ಚೆಂದರೆ 20. ಸರ್ಟ್ರಲೀನ್ 25 ಅಥವಾ 50ರಿಂದ. ಮೊದಲ ವಾರ ಗುಣಕ್ಕಿಂತ ತೊಂದರೆಯೇ ಮುಂದೆ ಕಾಣಿಸ್ಕೊಳ್ಳುತ್ತೆ: ವಾಕರಿಕೆ, ಚಡಪಡಿಕೆ, ನಿದ್ದೆ ಇನ್ನಷ್ಟು ಹಾಳು. ಗುಣ ಗೊತ್ತಾಗೋಕೆ ಎರಡರಿಂದ ನಾಲ್ಕು ವಾರ, ಪೂರ್ತಿ ಕೆಲಸ ಮಾಡೋಕೆ ಆರರಿಂದ ಎಂಟು ವಾರ. 25 ವರ್ಷದೊಳಗಿನವರಲ್ಲಿ ಶುರುವಿನ ವಾರಗಳಲ್ಲಿ, ಡೋಸ್ ಬದಲಾದಾಗ ಸಾಯುವ ಯೋಚನೆ ಹೆಚ್ಚಾಗಬಹುದು ಅನ್ನೋ ಎಚ್ಚರಿಕೆ ಇದೆ. ಅಂದರೆ ಆ ವಾರಗಳಲ್ಲಿ ಯಾರಾದರೂ ಅವನ ಮೇಲೆ ಕಣ್ಣಿಟ್ಟಿರಲೇಬೇಕು. ನೀವು ಹೇಳೋ ಹಾಗೆ ಮಾಡಿದ್ರೆ ಆ ವಾರಗಳಲ್ಲಿ ಅವನು ಎಲ್ಲಿರ್ತಾನೆ? ಬ್ಯಾರಕ್ಕಿನಲ್ಲಿ, ಯಾರಿಗೂ ಗೊತ್ತಿಲ್ಲದೆ, ರಾತ್ರಿ ರೈಫಲ್ ಹಿಡಿದು ಗಾರ್ಡಿನಲ್ಲಿ.

ಎರಡನೇದು, ಫೌಜಿನ ಹುಡುಗರು ಮೊಣಕಾಲು, ಕಾಲಿನ ಮೂಳೆ ನೋವಿಗೆ ಗುಳಿಗೆ ನುಂಗ್ತಾನೇ ಇರ್ತಾರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಈ ಮಾತ್ರೆಗಳ ಜೊತೆ ಸೇರಿದ್ರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಜಾಸ್ತಿ. ಟ್ರಮಾಡಾಲ್ ಸೇರಿದ್ರೆ ಮೈ ನಡುಕ, ಜ್ವರ, ಗೊಂದಲ, ಜೀವಕ್ಕೇ ಕುತ್ತು ಆಗಬಹುದು. ಎಂಐ ರೂಮಿನವರಿಗೆ ಅವನು ಏನು ತಗೊಳ್ತಿದ್ದಾನೆ ಅಂತ ಗೊತ್ತಿಲ್ಲದಿದ್ರೆ ಅವರು ಹೇಗೆ ತಪ್ಪಿಸ್ತಾರೆ?

ಮೂರನೇದು ಯಾರೂ ಬಾಯಿಬಿಟ್ಟು ಹೇಳಲ್ಲ. ಈ ಮಾತ್ರೆಗಳಿಂದ ಲೈಂಗಿಕ ತೊಂದರೆ ಆಗೋದು ಉಂಟು. ಹುಡುಗರು ಗಾಬರಿ ಬಿದ್ದು ತಟ್ಟನೆ ನಿಲ್ಲಿಸ್ತಾರೆ. ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಶಾಕ್ ಹೊಡೆದ ಹಾಗೆ, ಸಿಡುಕು. ‘ಮಾತ್ರೆ ಚಟ ಹತ್ತಿದೆ’ ಅಂತ ತಿಳ್ಕೊಳ್ತಾರೆ. ಚಟ ಅಲ್ಲ, ನಿಧಾನಕ್ಕೆ ಇಳಿಸಬೇಕಿತ್ತು ಅಷ್ಟೇ. ಚಟ ಹತ್ತೋದು ನಿದ್ದೆಗೆ ಕೊಡೋ ಕ್ಲೊನಾಜೆಪಾಮ್ ಥರದ್ದು, ಅದನ್ನ ಸ್ವಲ್ಪ ದಿನಕ್ಕೆ ಮಾತ್ರ ಬರೀತಾರೆ. ಗುಣ ಆದ ಮೇಲೂ ಮುಖ್ಯ ಮಾತ್ರೆ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಮೂರು ತಿಂಗಳ ಸ್ಟ್ರಿಪ್ ಲೆಕ್ಕ ಅಲ್ಲಿಗೇ ತಪ್ಪಿತು. ಇದರ ಜೊತೆ ರಮ್ ಅಂತೂ ಬೇಡವೇ ಬೇಡ.

ಡೊಂಬಿವಲಿ_ಶೆಟ್ರು
ಇಷ್ಟೆಲ್ಲ ಯಾಕೆ? ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಿದ್ರೆ ಆಯ್ತು.

ಮಾಟುಂಗಾ_ಮಾಣಿ
ಶೆಟ್ರೆ, ಅವನು ಬೆಳಿಗ್ಗೆ ಎದ್ದು ಐದು ಕಿಲೋಮೀಟರ್ ಓಡ್ತಾನೆ. ಬೆಳಿಗ್ಗೆ ಏಳೋದೇ ಔಷಧಿ ಆಗಿದ್ರೆ ಫೌಜಿನಲ್ಲಿ ಯಾರಿಗೂ ಖಿನ್ನತೆ ಬರ್ತಿರಲಿಲ್ಲ.

ಬಾಬು_ಎಸ್‌ಡಿಕ್ಲರ್ಕ್
ಕುಲಕರ್ಣಿ ಸಾಹೇಬರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಾಗದದ ಕಡೆಯಿಂದ ಹೇಳ್ತೇನೆ.

ಫೌಜಿನಲ್ಲಿ ಆರೋಗ್ಯ ಅಳೆಯೋದು ‘ಶೇಪ್’ ಅನ್ನೋ ಐದು ಅಕ್ಷರದಲ್ಲಿ. ಮೊದಲ ಅಕ್ಷರ ಎಸ್, ಅದು ಮನಸ್ಸಿನದು. ಪೂರ್ತಿ ಫಿಟ್ ಅಂದರೆ ಎಸ್-1. ಚಿಕಿತ್ಸೆ ಶುರುವಾದರೆ ಮೆಡಿಕಲ್ ಬೋರ್ಡ್ ಕೂತು ಸಾಮಾನ್ಯವಾಗಿ ಎಸ್-3 ಅಥವಾ ಎಸ್-2 ಕೊಡ್ತದೆ, ಮುಂದೆ ಟಿ-24 ಅಂತ ಬರೆದಿರ್ತದೆ. ಟಿ ಅಂದರೆ ತಾತ್ಕಾಲಿಕ, 24 ಅಂದರೆ ವಾರ. 24 ವಾರದ ನಂತರ ಮತ್ತೆ ಪರೀಕ್ಷೆ. ಸುಧಾರಿಸಿದ್ರೆ ಮೆಟ್ಟಿಲು ಹತ್ತಿ ಎಸ್-1ಕ್ಕೆ ವಾಪಸ್. ಎಸ್-5 ಅಂದರೆ ಸೇವೆಗೆ ಅನರ್ಹ. ಜನ ಎಸ್-3 ಕೇಳಿದ ಕೂಡಲೇ ಎಸ್-5 ಅಂತ ತಿಳಿದು ಹೆದರ್ತಾರೆ. ಎರಡಕ್ಕೂ ಅಜಗಜಾಂತರ.

ಮನೋವೈದ್ಯರ ಹತ್ತಿರ ಕಳಿಸುವಾಗ ಎಎಫ್‌ಎಂಎಸ್‌ಎಫ್-10 ಅನ್ನೋ ಫಾರ್ಮು ಯುನಿಟ್‌ನಿಂದ ಹೋಗ್ತದೆ. ಹುಡುಗನ ನಡವಳಿಕೆ, ಕೆಲಸ, ಕುಡಿತ, ಜೊತೆಯವರೊಂದಿಗೆ ಹೇಗಿದ್ದಾನೆ ಅನ್ನೋದನ್ನು ಕಮಾಂಡಿಂಗ್ ಆಫೀಸರ್ ಬರೀಬೇಕು. ಸಿಒ ಸಾಹೇಬರು ಒಬ್ಬೊಬ್ಬ ಜವಾನನನ್ನು ದಿನಾ ನೋಡಿರ್ತಾರಾ? ಮಾಹಿತಿ ಬರೋದು ಕೆಳಗಿನಿಂದ: ಸೆಕ್ಷನ್ ಕಮಾಂಡರ್, ಪ್ಲಟೂನ್ ಹವಾಲ್ದಾರ್, ಸೀನಿಯರ್ ಜೆಸಿಒ (ಹವಾಲ್ದಾರರ ಮೇಲಿನ ಸುಬೇದಾರ್ ದರ್ಜೆಯವರು). ಆರಂಭದಲ್ಲೇ ಹೋದ ಹುಡುಗನ ಫಾರ್ಮಿನಲ್ಲಿ ‘ಕೆಲಸದಲ್ಲಿ ಚುರುಕಾಗಿದ್ದ, ಇತ್ತೀಚೆಗೆ ಮೌನ’ ಅಂತ ಬೀಳ್ತದೆ. ಆರು ತಿಂಗಳು ಮುಚ್ಚಿಟ್ಟು, ಜಗಳ ಮಾಡಿ, ಗೈರುಹಾಜರಾಗಿ, ಚಾರ್ಜ್ ಬಿದ್ದ ಮೇಲೆ ಹೋದವನ ಫಾರ್ಮು ಬೇರೆ ಥರ ಓದಿಸ್ಕೊಳ್ತದೆ. ಕಾಯಿಲೆ ಅದೇ, ಕಾಗದ ಬೇರೆ.

ಗುಟ್ಟು ಉಳಿಯುತ್ತಾ ಅಂತ ಕೇಳಿದ್ರೆ, ಪೂರ್ತಿ ಇಲ್ಲ. ಕಂಪನಿ ಕಮಾಂಡರಿಗೆ ಗೊತ್ತಾಗಲೇಬೇಕು, ಯಾಕೆಂದರೆ ಹತ್ಯಾರ ಡ್ಯೂಟಿ, ಒಂಟಿ ಡ್ಯೂಟಿ, ನೈಟ್ ಡ್ಯೂಟಿಯಿಂದ ತೆಗೀಬೇಕು. ಎರಡು ತಿಂಗಳು ಗಾರ್ಡ್ ರೋಸ್ಟರ್‌ನಲ್ಲಿ ಹೆಸರಿಲ್ಲ ಅಂದರೆ ಬ್ಯಾರಕ್ ಕೂಡ ಊಹೆ ಮಾಡ್ತದೆ. ‘ಮಜಾ ಮಾಡ್ತಿದ್ದಾನೆ’ ಅನ್ನೋ ಮಾತು ಬಂದೇ ಬರ್ತದೆ. ಅದಕ್ಕೆ ಹುಡುಗನನ್ನು ಮೊದಲೇ ತಯಾರು ಮಾಡಿ.

ವಾಸ್ಕೋ_ಕುಲಕರ್ಣಿ
ಸರಿ, ಮಾತ್ರೆ ವಿಷಯ ಒಪ್ಪಿದೆ. ಆದರೆ ಉಳಿಸಿಕೊಳ್ಳುವ 25ರ ಲೆಕ್ಕಕ್ಕೆ ಉತ್ತರ ಬರಲಿಲ್ಲ.

ಹಡಪ್ಸರ_ಭರ್ತಿಕೋಚ್
ಉತ್ತರ ನಾನು ಕೊಡ್ತೀನಿ. ಉಳಿಸಿಕೊಳ್ಳುವಾಗ ಮೆಡಿಕಲಿ ಫಿಟ್ ಇರಬೇಕು, ಅದು ನಿಜ. ಇವನು ಎರಡನೇ ವರ್ಷದಲ್ಲಿದ್ದಾನೆ. ಈಗ ಚಿಕಿತ್ಸೆ ಶುರು ಮಾಡಿದ್ರೆ ಎರಡು ಸಲ 24 ವಾರ ಕಳೆದ್ರೂ ಕೈಯಲ್ಲಿ ಇನ್ನೂ ಸಮಯ ಉಳಿಯುತ್ತೆ. ಮುಚ್ಚಿಟ್ಟು ನಾಲ್ಕನೇ ವರ್ಷಕ್ಕೆ ಹೊರಗೆ ಬಂದ್ರೆ ಉಳಿಯಲ್ಲ. ಅದೂ ಅಲ್ಲದೆ ಖಿನ್ನತೆ ಇದ್ದವನ ಫೈರಿಂಗ್, ಓಟದ ಟೈಮಿಂಗ್ ಎಲ್ಲಾ ಬೀಳುತ್ತೆ, ಮೆರಿಟ್ ಆಗಲೇ ಹೋಯ್ತಲ್ಲ.

ದುಡ್ಡಿನದೂ ಕೇಳಿ. ಎರಡನೇ ವರ್ಷ ಸಂಬಳ 33,000, ಅದರಲ್ಲಿ 9,900 ಸೇವಾ ನಿಧಿಗೆ (ನಾಲ್ಕು ವರ್ಷ ಮುಗಿದ ಮೇಲೆ ಸಿಗೋ ಗಂಟು) ಹೋಗಿ ಕೈಗೆ 23,100. ಮನೆಗೆ ಎಷ್ಟು ಕಳಿಸ್ತಾನೆ, ಸಾಲ ಎಷ್ಟಿದೆ, ಫೋನಿನಲ್ಲಿ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್, ಲೋನ್ ಆ್ಯಪ್ ಇದೆಯಾ. ಈ ವಯಸ್ಸಿನ ಹುಡುಗ ಒಮ್ಮೆಲೇ ಬಾಯಿ ಮುಚ್ಚಿದ್ರೆ ನಾನು ಮೊದಲು ಕೇಳೋದು ಅದನ್ನೇ. ಲೋನ್ ಆ್ಯಪಿನವರು ಕಾಂಟ್ಯಾಕ್ಟ್ ಲಿಸ್ಟಿಗೆ ಫೋನ್ ಮಾಡ್ತೀವಿ ಅಂತ ಹೆದರಿಸಿದ್ರೆ 1930ಕ್ಕೆ ದೂರು ಕೊಡಿ. ಸಾಲ ಕೊಡೋ ಆ್ಯಪು ಫೋನಿನ ಕಾಂಟ್ಯಾಕ್ಟು, ಫೋಟೊ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ.

ಮಾಟುಂಗಾ_ಮಾಣಿ
ಬೇರೆ ಮಾತು: ಲಂಗರ್‌ನಲ್ಲಿ (ಫೌಜಿನ ಅಡುಗೆಮನೆ) ಈಗಲೂ ಅದೇ ಪೂರಿ ಭಾಜಿಯಾ? ಜೋಳದ ರೊಟ್ಟಿ ತಿನ್ನೋರಿಗೆ ಅದೇ ಅರ್ಧ ಖಿನ್ನತೆ.

ಎಂಐರೂಮ್_ಕಾಕಾ
ಚಾಷ್ಟಿ ಮಾಡಿದ್ರಿ, ಆದ್ರ ಅದರಾಗ ಒಂದು ಖರೇ ಸಂಗತಿ ಐತಿ. ನಮ್ಮ ಕಡೆ ಸಸ್ಯಾಹಾರಿ ಮನಿತನದ ಹುಡುಗರಿಗೆ ಬಿ12 ಕಡಿಮಿ ಇರೂದು ಭಾಳ. ಬಿ12, ಥೈರಾಯ್ಡ್, ಹಿಮೋಗ್ಲೋಬಿನ್, ಈ ಮೂರರಾಗ ಯಾವುದು ಕೆಟ್ಟಿದ್ರೂ ಸುಸ್ತು, ಮಂಕು, ಮರವು ಖಿನ್ನತೆಯಂಗ ಕಾಣತಾವ. ರಕ್ತ ಪರೀಕ್ಷಾ ಮೊದಲ ಮಾಡಸ್ತಾರ, ಮಾಡಸದಿದ್ರ ಕೇಳ್ರಿ. ತೂಕ ಇಳದಿದ್ರ ಅದನ್ನೂ ಡಾಕ್ಟರಿಗೆ ಹೇಳ್ರಿ, ಬರೇ ಫೌಜಿನ ರಗಡಾ ಅಂತ ಬಿಡಬ್ಯಾಡ್ರಿ.

ಶಿವಾಜಿನಗರ_ವಕೀಲ
ತಡವಾಗಿ ಬಂದೆ. ಕುಟುಂಬಗಳು ಮಾಡುವ ಒಂದು ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಹುಡುಗ ರಜೆಗೆ ಬಂದು ‘ಹೋಗಲ್ಲ’ ಅಂತ ಕೂರುತ್ತಾನೆ, ಮನೆಯವರು ಕರುಣೆಯಿಂದ ಇಟ್ಟುಕೊಳ್ಳುತ್ತಾರೆ. ರಜೆ ಮುಗಿದ ಮರುದಿನದಿಂದ ಅದು ಸೇನಾ ಕಾಯ್ದೆ 1950ರ 39ನೇ ಕಲಮಿನ ಅಪರಾಧ. 30 ದಿನ ದಾಟಿದರೆ 106ನೇ ಕಲಮಿನಂತೆ ವಿಚಾರಣಾ ಮಂಡಳಿ ಕೂರುತ್ತದೆ. ಕಾಯಿಲೆಯ ಹುಡುಗ ಕಾಗದದಲ್ಲಿ ಓಡಿಹೋದವನಾಗುತ್ತಾನೆ.

ಸರಿಯಾದ ದಾರಿ: ರಜೆ ಮುಗಿಯುವ ಮೊದಲೇ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಕರೆದೊಯ್ಯಿರಿ, ರಜೆಯ ಚೀಟಿ ಮತ್ತು ಗುರುತಿನ ಕಾರ್ಡ್ ಜೊತೆಗಿರಲಿ. ತುರ್ತಾಗಿದ್ದು ದೂರವಾದರೆ ಯಾವ ಸಿವಿಲ್ ಆಸ್ಪತ್ರೆಯಾದರೂ ಸರಿ, ಆದರೆ ಅದೇ ದಿನ ಯುನಿಟ್‌ಗೂ ಹತ್ತಿರದ ಮಿಲಿಟರಿ ಆಸ್ಪತ್ರೆಗೂ ತಿಳಿಸಿ. ಬರೀ ಫೋನು ಸಾಲದು. ಇಮೇಲ್ ಅಥವಾ ರಿಜಿಸ್ಟರ್ಡ್ ಅಂಚೆ ಕಳಿಸಿ, ರಸೀತಿ ಇಟ್ಟುಕೊಳ್ಳಿ.

ಇನ್ನು ಸೇವೆಯಿಂದ ಹೊರಹಾಕುವ ಹಂತ ಬಂದರೂ ಅಲ್ಲಿಗೆ ಮುಗಿಯಲಿಲ್ಲ. ಬೋರ್ಡ್ ‘ಸೇವೆಯಿಂದ ಬಂದದ್ದು’ ಅಥವಾ ‘ಸೇವೆಯಿಂದ ಹೆಚ್ಚಾದದ್ದು’ ಎಂದು ಬರೆದರೆ ಅಗ್ನಿವೀರರಿಗೆ ಅಂಗವೈಕಲ್ಯದ ಪ್ರಮಾಣದ ಮೇಲೆ, ಶೇಕಡಾ 100, 75, 50ಕ್ಕೆ ಕ್ರಮವಾಗಿ 44, 25, 15 ಲಕ್ಷ ಪರಿಹಾರವಿದೆ. ಕಾಯಂ ಸೈನಿಕರಿಗಾದರೆ ಶೇಕಡಾ 20ರಿಂದಲೇ ಅಂಗವೈಕಲ್ಯ ಪಿಂಚಣಿಯ ಪ್ರಶ್ನೆ ಏಳುತ್ತದೆ. ಭರ್ತಿಯಾಗುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ನಂತರ ಬಂದರೆ ಸೇವೆಗೆ ಸಂಬಂಧಿಸಿದ್ದೆಂದು ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದು ಮೂರ್ಛೆ ರೋಗದ ಪ್ರಕರಣ, ತತ್ವ ಮಾತ್ರ ಬೇರೆ ಕಾಯಿಲೆಗಳಲ್ಲೂ ವಾದಕ್ಕೆ ಬರುತ್ತದೆ. ಹಾಗಾಗಿಯೇ ಸಿಕ್ ರಿಪೋರ್ಟಿನ ಪ್ರತಿಯೊಂದು ನಮೂದೂ ಮುಖ್ಯ. ಖಾಸಗಿಯಾಗಿ ನಗದು ಕೊಟ್ಟು ತೋರಿಸಿದ್ದು ಈ ಲೆಕ್ಕಕ್ಕೆ ಬರುವುದು ಕಷ್ಟ.

ವಾಸ್ಕೋ_ಕುಲಕರ್ಣಿ
ನನ್ನ ಪೋಸ್ಟಿಗೆ ಇಷ್ಟು ಜನ ಕಲ್ಲು ಹೊಡೀತೀರಿ ಅಂತ ಗೊತ್ತಿರಲಿಲ್ಲ. ಒಪ್ಪಿದೆ, ಹಿಂದಕ್ಕೆ ತಗೊಂಡೆ.

ಪ್ರಾಯಶ್ಚಿತ್ತಕ್ಕೆ ಗೋವಾದ ಒಂದು ಉಪಯೋಗದ ವಿಷಯ. ಇಲ್ಲಿನ ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಒಂದು ಮಾತಿನ ಚಿಕಿತ್ಸೆ ಪ್ರಯೋಗ ಮಾಡಿದ್ರು, 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಕೊಟ್ಟವರು ಡಾಕ್ಟರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಭೇಟಿ. ಮನಸ್ಸು ಬಂದಾಗ ಕೆಲಸ ಮಾಡ್ತೀನಿ ಅಂತ ಕಾಯಬಾರದು, ಸಣ್ಣ ಕೆಲಸ ಮೊದಲು ಮಾಡು, ಮನಸ್ಸು ಹಿಂದೆ ಬರುತ್ತೆ ಅನ್ನೋದು ಅದರ ತಿರುಳು. ಮಾತ್ರೆ ಜೊತೆಗೆ ಇದನ್ನ ಮನೆಯವರೂ ನಡೆಸಬಹುದು.

ಠಾಣೆ_ಆಪ್ತಸಲಹೆ
ಒಳ್ಳೇದು ನೆನಪಿಸಿದ್ರಿ. ಆದರೆ ‘ಖುಷಿಯಾಗಿರು, ವಾಕಿಂಗ್ ಹೋಗು’ ಅಂತ ಉಪದೇಶ ಕೊಟ್ಟರೆ ಅದು ಆಗಲ್ಲ. ಸಮಯ, ಅಳತೆ ಎರಡೂ ಇರಬೇಕು. ಭಾನುವಾರ ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ವಾಲಿಬಾಲ್, ಹತ್ತೇ ನಿಮಿಷ. ಶುರುವಿಗೆ ಮೊದಲು ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ, ಮುಗಿದ ಮೇಲೆ ಎಷ್ಟು, ಚಿಕ್ಕ ಡೈರಿಯಲ್ಲಿ ಬರೀಬೇಕು. 2 ಇದ್ದದ್ದು 3 ಆದರೂ ಅವನಿಗೇ ಕಾಣುತ್ತೆ.

ಫೋನ್ ಸಿಕ್ಕಾಗ ಅವನೇ ಮಾತಾಡಬಹುದಾದ ನಂಬರ್: 14416, ಟೆಲಿ ಮಾನಸ್. 24 ಗಂಟೆ, ಉಚಿತ, ಭಾಷೆ ಆರಿಸುವಾಗ ಕನ್ನಡ ಇದೆ. ಸೈನಿಕರಿಗಾಗಿಯೇ ಇದರ ಒಂದು ಘಟಕ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ಶುರುವಾಯ್ತು.

ಬಾಬು_ಎಸ್‌ಡಿಕ್ಲರ್ಕ್
ಮನೆಯವರು ಯುನಿಟ್‌ಗೆ ಫೋನ್ ಮಾಡೋದಾದರೆ ಹೇಗೆ ಅಂತ ಯಾರೂ ಹೇಳಲಿಲ್ಲ. ಕಂಪನಿಯ ಸೀನಿಯರ್ ಜೆಸಿಒ ಸಾಹೇಬರನ್ನು ಕೇಳಿ. ಸಂಜೆ ರೋಲ್ ಕಾಲ್ ಹೊತ್ತಿಗೆ ಮಾಡಬೇಡಿ, ಗಡಿಬಿಡಿಯಲ್ಲಿರ್ತಾರೆ. ‘ನಮ್ಮ ಹುಡುಗನಿಗೆ ತಲೆ ಕೆಟ್ಟಿದೆ’ ಅನ್ನಬೇಡಿ, ‘ನಿಮ್ಮವರು ಕಾಟ ಕೊಡ್ತಾರೆ’ ಅಂತಲೂ ಶುರು ಮಾಡಬೇಡಿ. ‘ಸಾಬ್, ಎರಡು ತಿಂಗಳಿಂದ ನಿದ್ದೆ, ಊಟ ಸರಿ ಇಲ್ಲ, ಮಾತಾಡ್ತಿಲ್ಲ, ಡಾಕ್ಟರಿಗೆ ತೋರಿಸಿ, ಸದ್ಯಕ್ಕೆ ಹತ್ಯಾರ ಡ್ಯೂಟಿಗೆ ಹಾಕಬೇಡಿ’, ಇಷ್ಟೇ. ಕೊನೆಯ ಮಾತು ಕೇಳಿದ ಜೆಸಿಒ ಯಾರೂ ಹಗುರವಾಗಿ ತಗೊಳ್ಳೋದಿಲ್ಲ. ರಾತ್ರಿ ತುರ್ತು ಆದರೆ ಡ್ಯೂಟಿ ಆಫೀಸರ್. ಬೆಳಗಿನವರೆಗೆ ಕಾಯಬೇಡಿ.

ಪಿಂಪ್ರಿ_ಬಡಿಗೇರ
ಐದು ದಿನ ಆತು, ಎಲ್ಲಾನೂ ಓದೀನಿ, ಹುಡುಗನ ಮಾವಗೂ ಓದಿ ಹೇಳೀನಿ. ಇವತ್ತ ಹುಡುಗ ಬಂದಿದ್ದ. ಅಕ್ಕಾರು ಹೇಳಿದಂಗ ನಿದ್ದಿದ್ದ ಕೇಳಿದ್ವಿ. ಮೊದಲ ಸುಮ್ಮನಿದ್ದ, ಆಮ್ಯಾಲೆ ‘ಮೂರಕ್ಕ ಎದ್ದ ಬಿಡ್ತೀನಿ ಕಾಕಾ, ಏಳು ವಾರ ಆತು’ ಅಂದ. ವಾರ ಎಣಿಸಿ ಇಟ್ಟಿದ್ದ ನೋಡ್ರಿ. ಲೋನ್ ಆ್ಯಪ್ ಅಲ್ಲ, ಲವ್ವೂ ಅಲ್ಲ. ಊರಾಗ ಹೊಲದ ಪಾಲಿನ ಕೇಸ್ ನಡದೈತಿ, ದೊಡ್ಡಪ್ಪನ ಮಕ್ಕಳು ದಿನಾ ಫೋನ್ ಮಾಡಿ ಇವಗ ಬೈತಾರ, ಅಪ್ಪ ಇವಗ ‘ನೀನ ಬಂದು ಬಗಿಹರಸು’ ಅಂತಾನ. ರಜಾ 30 ದಿನದಾಗ 22 ಮುಗದಾವ.

ಸಾಯೂದರ ಬಗ್ಗೆ ನೇರ ಕೇಳಾಕ ನನಗ ಬಾಯಿ ಬರಲಿಲ್ಲ, ಮಾವ ಕೇಳಿದ. ‘ಹಂಗೇನಿಲ್ಲ. ಮಲಕೊಂಡಾಗ ಮುಂಜಾನಿ ಏಳೂದ ಬ್ಯಾಡ ಅನಸ್ತೈತಿ’ ಅಂದ. ನಾಳೆ ಸಿಕ್ ರಿಪೋರ್ಟಿಗೆ ಹೊಕ್ಕೀನಿ ಅಂದಾನ. ಚೀಟಿ ಬರದು ಕೊಟ್ಟೀವಿ.

ಶಿವಾಜಿನಗರ_ವಕೀಲ
ಹೊಲದ ಕೇಸಿಗೆ: ಭಾರತೀಯ ಸೈನಿಕರ ದಾವೆ ಕಾಯ್ದೆ ಅಂತ 1925ರದ್ದು ಇದೆ, ಆದರೆ ಅದರ ರಕ್ಷಣೆ ಯುದ್ಧ, ಗಡಿಯಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿದ್ದಾಗ. ಪುಣೆಯಲ್ಲಿರುವವನು ಅದನ್ನು ನೆಚ್ಚಿಕೊಳ್ಳಬಾರದು. ಇವನಿಗೆ ಬೇಕಾದದ್ದು ಸಿಒ ಅವರಿಂದ ಬೆಳಗಾವಿ ಜಿಲ್ಲಾಧಿಕಾರಿಗೆ ಒಂದು ಪತ್ರ, ನಕಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ. ಸರ್ವೆ ನಂಬರ್, ದಾವೆ ನಂಬರ್, ಮುಂದಿನ ತಾರೀಖು ಒಂದು ಹಾಳೆಯಲ್ಲಿ ಬರೆದು ಅರ್ಜಿ ಜೊತೆ ಕೊಡಲಿ. ಕೋರ್ಟಿಗೆ ಇವನ ಬದಲು ಅಪ್ಪ ಮುಖ್ತಿಯಾರ್ ಪತ್ರದ ಮೇಲೆ ಹೋಗಬಹುದು. ಆ ದಾಯಾದಿಗಳ ಫೋನು ಇವತ್ತೇ ಬ್ಲಾಕ್ ಮಾಡಿಸಿ.

ಠಾಣೆ_ಆಪ್ತಸಲಹೆ
ಬಡಿಗೇರರೇ, ‘ಏಳೋದೇ ಬೇಡ ಅನ್ನಿಸುತ್ತೆ’ ಅನ್ನೋದು ಏನೂ ಇಲ್ಲ ಅಂತ ಅಲ್ಲ. ಆ ಸಾಲು ಚೀಟಿಯಲ್ಲಿ ಇದೆಯಾ? ಇಲ್ಲದಿದ್ರೆ ಸೇರಿಸಿ, ಅವನು ಹೇಳಿದ ಮಾತಲ್ಲೇ. ಇವತ್ತು ರಾತ್ರಿ ಅವನ ‘ಬಡ್ಡಿ’ಗೆ (ಅವನ ಜೋಡಿ ಜವಾನನಿಗೆ) ಹೇಳಿ ಪಕ್ಕದಲ್ಲೇ ಮಲಗೋ ಹಾಗೆ ಮಾಡಿ. ಇವತ್ತು ಗಾರ್ಡ್ ಇದೆಯಾ?

ಪಿಂಪ್ರಿ_ಬಡಿಗೇರ
ಬುಧವಾರ ಐತಂತ. ಮಾವ ಈಗ ಸೀನಿಯರ್ ಜೆಸಿಒ ಸಾಹೇಬ್ರಿಗೆ ಫೋನ್ ಹಚ್ಚಿ ಬಾಬು ಅವರು ಬರದಂಗ ಹೇಳಿದ. ‘ಠೀಕ್ ಹೈ, ನಾಮ್ ಕಾಟ್ ದೇಂಗೇ, ಸುಬಹ್ ಮೈ ಖುದ್ ಎಂಐ ರೂಮ್ ಲೇಕೆ ಜಾವೂಂಗಾ’ (ಹೆಸರು ತಗೀತೀವಿ, ಮುಂಜಾನಿ ನಾನ ಎಂಐ ರೂಮಿಗೆ ಕರಕೊಂಡು ಹೊಕ್ಕೀನಿ) ಅಂದ್ರಂತ. ಬಡ್ಡಿ ರಾಯಚೂರಿನ ಹುಡುಗ, ಅವಗೂ ಹೇಳೀವಿ. ಆ ಸಾಲು ಚೀಟಿಯಾಗ ಇರಲಿಲ್ಲ. ವಾಟ್ಸಾಪ್‌ನಾಗ ಕಳಿಸೀನಿ, ಬರಕೊಂಡೆ ಅಂದಾನ.

ಎಂಐರೂಮ್_ಕಾಕಾ
ಚೀಟಿ ಅಂಗಿ ಕಿಸೇದಾಗ ಹಂಗ ಇಟಗೋಬ್ಯಾಡ ಅನ್ರಿ. ಮುಂಜಾನಿ ಪಿಟಿ ಮುಗಿಸಿ ಹೋಗೂದಾದ್ರ ಬೆವರಿಗೆ ತೊಯ್ದು ಹಿಟ್ಟಾಗಿ ಹೊಕ್ಕೈತಿ. ಸಣ್ಣ ಪ್ಲಾಸ್ಟಿಕ್ ಚೀಲದಾಗ ಹಾಕಿ ಐಡಿ ಕಾರ್ಡಿನ ಹಿಂದ ಇಟಗೊಳ್ಳಲಿ.